ನೇಯದ ಬಟ್ಟೆ, ನಿಲ್ಲದ ನೊರೆ

ನೊರೆಯೆಂದರೆ ನಮ್ಮ ಜನಕ್ಕೆ ಬಲು ಪ್ರೀತಿ. ಕರೆದ ಹಾಲಿನ ಮೇಲೆ ನೊರೆಯಿರಬೇಕು. ಕಾಫಿಯ ಲೋಟದಲ್ಲಿ ನೊರೆಯಿರಬೇಕು. ಸೋಪು ನೊರೆ ಬಿಡದಿದ್ದರೆ ಅಂಗಡಿಯವನಿಗೆ ಬೈಗುಳ ತಪ್ಪಿದ್ದಲ್ಲ. ಆದರೆ ನೊರೆಯನ್ನು ಕಂಡು ನಿದ್ದೆಗೆಡುವವರೂ ಲೋಕದಲ್ಲಿ ಉಂಟು. ಅವರಲ್ಲಿ ನನ್ನ ಅಣ್ಣನೂ ಒಬ್ಬ. ಅವನು ದುಡಿಯುವುದು ನೇಯದ ಬಟ್ಟೆಯ ಕಾರ್ಖಾನೆಯೊಂದರಲ್ಲಿ.

ನೇಯದ ಬಟ್ಟೆಯೆಂದರೆ ಓದುಗರು ನಕ್ಕಾರು. ನಮ್ಮ ತಂದೆಯವರೂ ಮೊದಲು ನಕ್ಕರು. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಸೀರೆ ನೇಯ್ದವರು ಅವರು. “ಹಾಸಿಲ್ಲ, ಹೊಕ್ಕಿಲ್ಲ, ಅದೆಂಥ ಬಟ್ಟೆಯೋ!” ಎಂದರು. ಆದರೆ ಆಸ್ಪತ್ರೆಯ ನೀಲಿ ಮಾಸ್ಕು, ಕೂಸಿನ ಡಯಾಪರು, ಮುಖ ಒರೆಸುವ ಒದ್ದೆ ಬಟ್ಟೆ, ಇವೆಲ್ಲಕ್ಕೂ ಬೇಕಾದದ್ದು ಈ ನೇಯದ ಬಟ್ಟೆಯೇ. ನಮ್ಮ ಮಗ್ಗ ಮಾರಿಹೋದ ವರ್ಷ ಅಣ್ಣ ಎಸ್.ಎಸ್.ಎಲ್.ಸಿ. ಮುಗಿಸಿ ಆ ಕೆಲಸಕ್ಕೆ ಸೇರಿದ. ನನ್ನ ಪುಸ್ತಕದ ಖರ್ಚೂ ಪರೀಕ್ಷೆಯ ಶುಲ್ಕವೂ ಬಂದದ್ದು ಅಲ್ಲಿಂದಲೇ. ಹೀಗಾಗಿ ನಮ್ಮ ಮನೆತನದ ಮೊದಲ ಪದವಿಗೆ ನೊರೆಯ ಋಣವೂ ಸ್ವಲ್ಪ ಉಂಟು.

ಅಲ್ಲಿನ ಕೆಲಸದ ಬಗೆ ಹೀಗೆ. ವಿಸ್ಕೋಸ್, ಪಾಲಿಯೆಸ್ಟರ್ ಎಳೆಗಳ ಮೂಟೆಗಳನ್ನು ಬಿಚ್ಚಿ, ಹತ್ತಿಯನ್ನು ಹಿಂಜುವಂತೆ ಹಿಂಜಿ, ತೆಳುವಾದ ಪದರವಾಗಿ ಹಾಸುತ್ತಾರೆ. ಆ ಪದರ ಜಾಲರಿಯ ಪಟ್ಟೆಯ ಮೇಲೆ ಓಡುತ್ತಿರುವಾಗ ಮೇಲಿಂದ ನೀರಿನ ಧಾರೆಗಳು ಅದನ್ನು ಚುಚ್ಚುತ್ತವೆ. ಧಾರೆ ಹೊರಡುವ ರಂಧ್ರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಕಿರಿದು. ಅದರ ಹಿಂದಿನ ಒತ್ತಡ ಸುತ್ತಲ ಗಾಳಿಯ ಒತ್ತಡಕ್ಕಿಂತ 100 ಪಟ್ಟಿಗೂ ಮೀರಬಹುದು. ಆ ಹೊಡೆತಕ್ಕೆ ಎಳೆಗಳು ಒಂದಕ್ಕೊಂದು ತೊಡರಿಕೊಂಡು ಬಟ್ಟೆಯಾಗುತ್ತವೆ. ದಾರವಿಲ್ಲ, ಲಾಳಿಯಿಲ್ಲ, ಅಂಟೂ ಇಲ್ಲ. ಕೆಳಗಿಳಿದ ನೀರನ್ನು ಹೀರಿ, ಸೋಸಿ, ಮತ್ತೆ ಅದನ್ನೇ ಮೇಲಕ್ಕೆ ಕಳಿಸುತ್ತಾರೆ.

ನೊರೆ ಹುಟ್ಟುವುದು ಈ ನೀರಿನಲ್ಲಿ. ಶುದ್ಧವಾದ ನೀರಿನಲ್ಲಿ ಗುಳ್ಳೆ ಎದ್ದರೂ ಒಡನೆಯೇ ಒಡೆಯುತ್ತದೆ. ಆದರೆ ಹಿಂಜುವಾಗ ಎಳೆಗಳು ಜಾರಲೆಂದು, ಮಿಂಚು ಕೂಡಿ ಅಂಟದಿರಲೆಂದು, ಎಳೆ ತಯಾರಿಸುವವರು ಅದಕ್ಕೆ ಎಣ್ಣೆಯಂಥ ಒಂದು ಲೇಪವನ್ನು ಸವರಿರುತ್ತಾರೆ. ಅದರಲ್ಲಿ ಸಾಬೂನಿನ ಗುಣದ ವಸ್ತುಗಳಿರುತ್ತವೆ. ಧಾರೆಗೆ ಲೇಪ ತೊಳೆದು ನೀರಿಗಿಳಿಯುತ್ತದೆ. ಧಾರೆ ತನ್ನೊಡನೆ ಗಾಳಿಯನ್ನೂ ಎಳೆದು ತರುತ್ತದೆ. ಸಾಬೂನು, ಗಾಳಿ, ನೀರು ಮೂರೂ ಕೂಡಿದ ಮೇಲೆ ಹೇಳುವುದೇನು? ತೊಟ್ಟಿ ಉಕ್ಕುತ್ತದೆ. ನೀರಿನೊಡನೆ ಗಾಳಿ ಪಂಪಿಗೆ ಹೋದರೆ ಒತ್ತಡ ಕುಸಿಯುತ್ತದೆ. ಪದರದ ಮೇಲೆ ನೊರೆ ನಿಂತರೆ ಧಾರೆಯ ಪೆಟ್ಟು ನೊರೆಗೇ ಸಂದು, ಎಳೆಗಳು ಸರಿಯಾಗಿ ತೊಡರುವುದಿಲ್ಲ. ಬಟ್ಟೆ ಒಂದು ಕಡೆ ಗಟ್ಟಿ, ಒಂದು ಕಡೆ ಜಾಳು.

ಇದಕ್ಕೆ ಮದ್ದಿಲ್ಲವೆಂದಲ್ಲ. ಸಿಲಿಕೋನ್ ಎಣ್ಣೆಯಲ್ಲಿ ನುಣ್ಣನೆಯ ಸಿಲಿಕಾ ಕಣ ಬೆರೆಸಿದ ನೊರೆನಾಶಕಗಳು ಡಬ್ಬಿಯಲ್ಲಿ ಬರುತ್ತವೆ. ಅದರ ಹನಿ ಗುಳ್ಳೆಯ ಪೊರೆಯೊಳಗೆ ಹೊಕ್ಕು ಹರಡುತ್ತದೆ. ಪೊರೆ ತೆಳುವಾಗಿ ಒಡೆಯುತ್ತದೆ. ಆದರೆ ಮದ್ದು ಮಿತಿ ಮೀರಿದರೆ ಅದೇ ರೋಗ. ಒಮ್ಮೆ ನೊರೆ ನೆಲಕ್ಕೆ ಹರಿದಾಗ ಮೇಲಿನವರೊಬ್ಬರು ಗಾಬರಿಯಲ್ಲಿ ಮದ್ದನ್ನು ಸುರಿಸಿಯೇ ಸುರಿಸಿದರಂತೆ. ನೊರೆ ಅಡಗಿತು, ಆದರೆ ಎಳೆಗಳಿಗೆ ಸಿಲಿಕೋನ್ ಹತ್ತಿ ಅಂದಿನ ಬಟ್ಟೆ ನೀರನ್ನೇ ಹೀರದಾಯಿತು. ನೀರು ಹೀರದ ಒರೆಸುವ ಬಟ್ಟೆಯನ್ನು ಕೊಳ್ಳುವವರಾರು? ಸುರುಳಿಗಟ್ಟಲೆ ಹಿಂದಕ್ಕೆ ಬಂತು.

ಅಣ್ಣ ಮರುದಿನ ಊಟಕ್ಕೆ ಕೂತವನು ಅಮ್ಮ ಕಾಫಿ ಆರಿಸುವುದನ್ನೇ ನೋಡುತ್ತಿದ್ದ. “ಎತ್ತರದಿಂದ ಹುಯ್ದರೆ ನೊರೆ, ಲೋಟಕ್ಕೆ ತಾಗಿಸಿ ಹುಯ್ದರೆ ಇಲ್ಲ, ಅಲ್ಲವೇನಮ್ಮ?” ಎಂದ. “ಅದನ್ನು ತಿಳಿಯೋಕೆ ಕಾರ್ಖಾನೆಗೆ ಹೋಗಬೇಕಿತ್ತೇನಪ್ಪ? ಬೇಳೆ ಉಕ್ಕದಿರಲಿ ಅಂತ ನಾನು ತೊಟ್ಟು ಎಣ್ಣೆ ಬಿಡ್ತೀನಿ, ಸೌಟುಗಟ್ಟಲೆ ಹುಯ್ತೀನೇನು?” ಎಂದಳು ಅಮ್ಮ. ತೊಟ್ಟಿಗೆ ನೀರು ಮರಳುವ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಮೊಳ ಮೇಲಿತ್ತು. ಅದನ್ನು ನೀರಿನೊಳಕ್ಕೆ ಇಳಿಸಬಾರದೇಕೆಂದು ಅಣ್ಣ ಕೇಳಿದ. ಕೆಲವು ವಾರಗಳಲ್ಲಿ ಇಳಿಸಿದರು. ಮದ್ದಿನ ಖರ್ಚು ಇಳಿಯಿತು. ಸಲಹೆ ಯಾರದೆಂದು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಮೇಲಿನ ದರ್ಜೆಗೆ ಡಿಪ್ಲೊಮಾ ಬೇಕಂತೆ. ಅಣ್ಣ ಇನ್ನೂ ಸಹಾಯಕನೇ.

ಈ ಸಂಗತಿ ಮನಸ್ಸಿನಲ್ಲಿ ಕೊರೆಯುತ್ತಿದ್ದ ದಿನಗಳಲ್ಲೇ ಆಗ್ನೆಸ್ ಪೊಕೆಲ್ಸ್ ಎಂಬಾಕೆಯ ವೃತ್ತಾಂತವನ್ನು ಓದಿದೆ. 1862ರಲ್ಲಿ ಹುಟ್ಟಿದ ಜರ್ಮನ್ ಮಹಿಳೆ. ಆಕೆಯ ಕಾಲಕ್ಕೆ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮನೆವಾರ್ತೆ ನೋಡಿಕೊಳ್ಳುತ್ತಲೇ, ಜಿಡ್ಡು ನೀರಿನ ಮೇಲ್ಮೈಯ ಬಿಗಿತವನ್ನು ಹೇಗೆ ತಗ್ಗಿಸುತ್ತದೆಂದು ಅಡಿಗೆಮನೆಯಲ್ಲಿ ತಗಡಿನ ತೊಟ್ಟಿಯಿಟ್ಟು ಅಳೆದಳು. 1891ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೀ ಅವರಿಗೆ ಪತ್ರ ಬರೆದಳು. ಆ ಮಹನೀಯರು ಪತ್ರವನ್ನು ತಮ್ಮದಾಗಿಸಿಕೊಳ್ಳಲಿಲ್ಲ. ಅವಳ ಹೆಸರಿನಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಗುವಂತೆ ಮಾಡಿದರು. ಗೌರವ ಡಾಕ್ಟರೇಟ್ ಬಂದದ್ದು 1932ರಲ್ಲಿ, ಆಕೆಗೆ ಎಪ್ಪತ್ತು ವರ್ಷವಾದಾಗ. ಅಲ್ಲಿ ಹೆಣ್ಣೆಂಬ ಕಾರಣಕ್ಕೆ ಬಾಗಿಲು ಮುಚ್ಚಿತ್ತು. ನಮ್ಮ ಮನೆಯಲ್ಲಿ ಹೆಣ್ಣಾದ ನಾನು ಕಾಲೇಜಿಗೆ ಬಂದೆ, ಅಣ್ಣ ಹೊರಗುಳಿದ. ಬಾಗಿಲ ಹೊರಗೆ ನಿಂತವರಲ್ಲಿ ವಿದ್ಯೆಯಿಲ್ಲವೆಂದು ತಿಳಿಯುವುದು ಮಾತ್ರ ಎಲ್ಲಿಯೂ ಅನ್ಯಾಯವೇ.

ನೊರೆಯನ್ನು ಬೈದೇ ಮುಗಿಸಿದರೆ ಅದಕ್ಕೂ ಅನ್ಯಾಯವಾದೀತು. ಅದೇ ಕಾರ್ಖಾನೆಯ ಇನ್ನೊಂದು ತೊಟ್ಟಿಯಲ್ಲಿ ಬೇಕೆಂದೇ ನೀರಿಗೆ ಗಾಳಿಯ ಸಣ್ಣ ಗುಳ್ಳೆಗಳನ್ನು ಬಿಡುತ್ತಾರೆ. ತುಂಡಾದ ಎಳೆಗಳೂ ಕೊಳೆಯೂ ಆ ಗುಳ್ಳೆಗಳಿಗೆ ಅಂಟಿ ಮೇಲಕ್ಕೆ ತೇಲುತ್ತವೆ. ಕೆನೆ ತೆಗೆದಂತೆ ಅವನ್ನು ಬಳಿದುಹಾಕುತ್ತಾರೆ. ಒಂದು ತೊಟ್ಟಿಯಲ್ಲಿ ಕಳ್ಳನಾದದ್ದು ಇನ್ನೊಂದರಲ್ಲಿ ಝಾಡಮಾಲಿ! ಕೆಲವೆಡೆ ಬಟ್ಟೆಗೆ ಅಂಟನ್ನು ನೊರೆಯಾಗಿಯೇ ಸವರುವ ಪದ್ಧತಿಯೂ ಉಂಟು. ನೀರು ಕಡಿಮೆ ಸಾಕು, ಒಣಗಿಸುವ ಖರ್ಚೂ ಕಡಿಮೆ. ನೊರೆಯನ್ನು ಆಳುವುದೆಂದರೆ ಎಲ್ಲಿ ಬೇಕು, ಎಲ್ಲಿ ಬೇಡ, ಎಷ್ಟು ಬೇಕು ಎಂದು ಅರಿಯುವುದು. ನಮ್ಮ ತಂದೆಯವರು ನೂಲಿಗೆ ಗಂಜಿ ಹಾಕುವಾಗ ಬೆರಳಲ್ಲಿ ನೋಡಿ ತಿಳಿಯುತ್ತಿದ್ದ ಹದವೂ ಇದೇ ಜಾತಿಯದು. ಈಗ ಅವರು ಆ ಬಟ್ಟೆಯನ್ನು ನೋಡಿ ನಗುವುದಿಲ್ಲ. ಬೆಳಕಿಗೆ ಹಿಡಿದು, ಎಲ್ಲಿ ಜಾಳಾಗಿದೆಯೆಂದು ಅಣ್ಣನಿಗೆ ತೋರಿಸುತ್ತಾರೆ.

ನನ್ನ ಒತ್ತಾಯಕ್ಕೆ ಅಣ್ಣ ಒಂದು ನೋಟುಬುಕ್ಕು ಇಟ್ಟಿದ್ದಾನೆ. ತಾರೀಖು, ಯಾವ ಮೂಟೆ, ನೊರೆ ಎಷ್ಟು ಬೆರಳು ಏರಿತು, ಏನು ಮಾಡಿದೆ, ಏನಾಯಿತು ಎಂದು ದಿನವೂ ಕನ್ನಡದಲ್ಲಿ ಬರೆಯುತ್ತಾನೆ. ಪರೀಕ್ಷೆ ಮುಗಿದೊಡನೆ ಅದನ್ನು ನಾನು ಶುದ್ಧ ಪ್ರತಿ ಮಾಡಬೇಕು. ನಮ್ಮ ಮನೆಯಿಂದ ಹೊರಡುವ ಮೊದಲ ಗ್ರಂಥ ಅದೇ ಆದೀತು. ಮೊದಲ ಪುಟದಲ್ಲಿ ಅವನ ಹೆಸರಿರುತ್ತದೆ. ಕೊನೆಯ ಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಪ್ರತಿ ತೆಗೆದವಳು ನಾನೆಂದು ಬರೆದುಕೊಳ್ಳುತ್ತೇನೆ.