ನಿಕೊಲಾಯ್‌ನ ಸಾಲ

ಕಳೆದ ಬೇಸಿಗೆಯಲ್ಲಿ ಅಣ್ಣ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಬಲಗಣ್ಣಿನ ಪೊರೆ ತೆಗೆಸಬೇಕಿತ್ತು. ಶಿರಸಿಯಲ್ಲೇ ಆಗುತ್ತಿತ್ತು, ಹುಬ್ಬಳ್ಳಿಯಲ್ಲಂತೂ ಆಗೇ ಆಗುತ್ತಿತ್ತು. ನಾನೇ ಹಟ ಹಿಡಿದು ಕರೆಸಿದ್ದೆ. ನಾನು ಮುಂಬೈ ಸೇರಿ ನಲವತ್ತು ವರ್ಷ ಕಳೆದರೂ ಅವನು ನಮ್ಮಲ್ಲಿ ಒಟ್ಟಿಗೆ ನಾಲ್ಕು ದಿನ ಉಳಿದದ್ದಿಲ್ಲ. ಈ ಸಲ ಕೊನೆಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋದ ಮೇಲೆ, ಇನ್ನು ನೆಪ ಸಿಗದೆ ಬಂದ.

ಆಪರೇಶನ್ ಆಯಿತು. ಬಗ್ಗಬಾರದು, ಕಣ್ಣಿಗೆ ನೀರು ತಾಗಿಸಬಾರದು, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್. ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ಇಳಿಯುವ ಮನುಷ್ಯ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಏನು ಮಾಡಬೇಕು? ಬಾಲ್ಕನಿಯಲ್ಲಿ ಕೂತು ಎದುರಿನ ಕಟ್ಟಡದ ಬಟ್ಟೆ ಎಣಿಸುತ್ತಿದ್ದ. ನಾನು ಆಗ ‘ಯುದ್ಧ ಮತ್ತು ಶಾಂತಿ’ಯನ್ನು ಎರಡನೇ ಸಲ ಓದುತ್ತಿದ್ದೆ. “ಇಷ್ಟು ದಪ್ಪ ಪುಸ್ತಕದಲ್ಲಿ ಎಂತ ಇದ್ದೋ?” ಅಂತ ಕೇಳಿದ.

ಮೊದಲ ಸಲ ನಾನದನ್ನು ಓದಿದ್ದು 1985ರಲ್ಲಿ. ಬ್ಯಾಂಕಿಗೆ ಸೇರಿ ಎರಡು ವರ್ಷವಾಗಿತ್ತು. ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಮಾಡ್ ದಂಪತಿಗಳ ಇಂಗ್ಲಿಷ್ ಅನುವಾದದ ಹಳೆಯ ಪ್ರತಿಯೊಂದು ಸಿಕ್ಕಿತ್ತು. ಆಗ ನಾಲ್ಕು ಜನ ಬ್ರಹ್ಮಚಾರಿಗಳು ಒಂದು ಕೋಣೆಯಲ್ಲಿದ್ದೆವು, ಓದಲಿಕ್ಕೆ ದೀಪ ಹಾಕಿದರೆ ಜಗಳ. ಹಾಗಾಗಿ ಓದಿದ್ದೆಲ್ಲ ಲೋಕಲ್ ಟ್ರೇನಿನಲ್ಲಿ, ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈಯಲ್ಲಿ ಟಾಲ್‌ಸ್ಟಾಯ್. ಮಣಿಕಟ್ಟು ನೋಯುತ್ತಿತ್ತು. ಆ ವಯಸ್ಸಿನಲ್ಲಿ ನನ್ನ ಹೀರೊ ಪ್ರಿನ್ಸ್ ಆಂದ್ರೇ. ಆಸ್ಟರ್‌ಲಿಟ್ಸ್ ರಣರಂಗದಲ್ಲಿ ಗಾಯಗೊಂಡು ಅಂಗಾತ ಬಿದ್ದು, ಎತ್ತರದ ಆಕಾಶ ನೋಡಿ, ನೆಪೋಲಿಯನ್‌ನಂಥವನೂ ಸಣ್ಣವನಾಗಿ ಕಾಣುವ ಆ ಪುಟಗಳನ್ನು ಓದುತ್ತಾ ಠಾಣೆಯಲ್ಲಿ ಇಳಿಯಬೇಕಾದವನು ಮುಂದಕ್ಕೆ ಹೋದದ್ದುಂಟು. ನಿಕೊಲಾಯ್ ರೊಸ್ತೋವ್ ಮಾತ್ರ ನನಗೆ ಪೆದ್ದನಂತೆ ಕಂಡಿದ್ದ. ಇಸ್ಪೀಟಿನಲ್ಲಿ 43 ಸಾವಿರ ರೂಬಲ್ ಸೋತು ಬಂದು ಅಪ್ಪನ ಎದುರು ನಿಂತವನು. ಮನೆಯ ಲೆಕ್ಕ ಸರಿಮಾಡುತ್ತೇನೆಂದು ಹೊರಟು, ಲೆಕ್ಕ ಅರ್ಥವಾಗದೆ, ಮೇಸ್ತ್ರಿ ಮಿತೆಂಕನನ್ನು ಒದ್ದು ಹೊರಗೆ ಹಾಕಿದವನು. ಎಂ.ಕಾಂ. ಮಾಡಿದವನಿಗೆ ಅಂಥವನ ಮೇಲೆ ಗೌರವ ಹುಟ್ಟುವುದಾದರೂ ಹೇಗೆ? ಕೊನೆಯ ಉಪಸಂಹಾರದ ಭಾಗವನ್ನು ಆಗ ನಾನು ಹಾರಿಸಿ ಹಾರಿಸಿ ಓದಿದ್ದೆ.

ಈ ಸಲ ಕನ್ನಡದಲ್ಲಿ ಓದಿದೆ. ದೇಜಗೌ ಅವರ ಅನುವಾದ ಹಿಂದೆಯೇ ಬಂದಿತ್ತು. ನನ್ನ ಕೈಯಲ್ಲಿದ್ದದ್ದು ಓ.ಎಲ್. ನಾಗಭೂಷಣ ಸ್ವಾಮಿಯವರದು. ಅಣ್ಣನ ಕಣ್ಣಿಗೆ ಅಕ್ಷರ ಕೂಡದು. “ಸಿನಿಮಾ ಇದೆ, ನೋಡ್ತೀಯಾ? ದೂರದಿಂದ ನೋಡಬಹುದು ಅಂದಿದ್ದಾರೆ ಡಾಕ್ಟರು” ಅಂದೆ. ಸೆರ್ಗೇಯ್ ಬೊಂದಾರ್ಚುಕ್ ಮಾಡಿದ ರಶಿಯನ್ ಚಿತ್ರ, 1966–67ರಲ್ಲಿ ನಾಲ್ಕು ಭಾಗವಾಗಿ ಬಂದದ್ದು, ಒಟ್ಟು ಸುಮಾರು ಏಳು ಗಂಟೆ. ಮೋಸ್‌ಫಿಲ್ಮ್‌ನವರೇ ಯೂಟ್ಯೂಬಿನಲ್ಲಿ ಹಾಕಿದ್ದಾರೆ. ದಿನಕ್ಕೊಂದು ಭಾಗದಂತೆ ನಾಲ್ಕು ಸಂಜೆ. ಪರದೆಯ ಕೆಳಗೆ ಇಂಗ್ಲಿಷ್, ಪಕ್ಕದಲ್ಲಿ ನನ್ನ ಕನ್ನಡ. ಯಕ್ಷಗಾನದ ಅರ್ಥಧಾರಿಯಂತೆ ನಾನು ಮಾತಾಡಿದ್ದೇ ಮಾತಾಡಿದ್ದು.

ಚಿತ್ರದ ಬಗ್ಗೆ ಹೇಳಲೇಬೇಕು. ಬೊಂದಾರ್ಚುಕ್ ತಾನೇ ನಿರ್ದೇಶಕ, ತಾನೇ ಪಿಯೆರ್. ಪಾತ್ರಕ್ಕಿಂತ ವಯಸ್ಸು ಬಹಳ ಹೆಚ್ಚು, ಆದರೂ ಬರೊದಿನೊ ಯುದ್ಧದ ನಡುವೆ ಬಿಳಿಯ ಟೋಪಿ ಹಾಕಿಕೊಂಡು ದಾರಿ ತಪ್ಪಿದ ಮದುವೆ ಮನೆ ಅತಿಥಿಯ ಹಾಗೆ ತಿರುಗುವಾಗ ಪಿಯೆರ್ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. ನತಾಶಾ ಆಗಿ ಲ್ಯುದ್ಮಿಲಾ ಸವೆಲ್ಯೇವಾ, ಮೂಲತಃ ಬ್ಯಾಲೆ ನರ್ತಕಿ. ಮೊದಲ ನೃತ್ಯಕೂಟದಲ್ಲಿ ತನ್ನನ್ನು ಯಾರೂ ಕರೆಯುತ್ತಿಲ್ಲವೆಂದು ಅಳು ನುಂಗಿಕೊಂಡು ನಿಲ್ಲುವ ಆ ಹುಡುಗಿಯ ಮುಖವನ್ನು ಅಣ್ಣ ಮುಂದಕ್ಕೆ ಬಾಗಿ ನೋಡಿದ. ಬಾಗಬೇಡ ಅಂತ ನೆನಪಿಸಬೇಕಾಯಿತು. ಯುದ್ಧಕ್ಕೆ ಸೋವಿಯತ್ ಸೈನ್ಯದವರೇ ಸಾವಿರಾರು ಜನ ಬಂದು ನಿಂತಿದ್ದರು. ಈಗಿನಂತೆ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಸೈನ್ಯವಲ್ಲ ಎಂದೆ. 1969ರಲ್ಲಿ ಇದಕ್ಕೆ ಆಸ್ಕರ್ ಸಿಕ್ಕಿತು ಎಂದೂ ಹೇಳಿದೆ. ಅವನಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಅವನು ಕುದುರೆಗಳನ್ನು ನೋಡುತ್ತಿದ್ದ.

ಎರಡನೇ ಸಂಜೆ ತೋಳದ ಬೇಟೆಯ ದೃಶ್ಯ. ಕೌಂಟ್ ರೊಸ್ತೋವ್ ಸಾಲದಲ್ಲಿ ಮುಳುಗಿದ್ದಾನೆ, ಆದರೂ ಬೇಟೆಗೆ 130 ನಾಯಿ, 20 ಸವಾರರು ಹೊರಟಿದ್ದರು ಎಂದು ಟಾಲ್‌ಸ್ಟಾಯ್ ಬರೆದದ್ದನ್ನು ಹೇಳಿದೆ. “ನೂರಾ ಮೂವತ್ತು ನಾಯಿಯ? ಅದ್ಕೆಲ್ಲ ಅನ್ನ ಹಾಕದು ಯಾರು?” ಅಂತ ನಕ್ಕ.

ನಾಲ್ಕನೇ ಸಂಜೆ ಚಿತ್ರ ಮುಗಿಯಿತು. ಮಾಸ್ಕೋ ಸುಟ್ಟಿತ್ತು, ಆಂದ್ರೇ ಸತ್ತಿದ್ದ, ಪಿಯೆರ್ ಸೆರೆಯಿಂದ ಬಿಡುಗಡೆಯಾಗಿ ನತಾಶಾಳನ್ನು ಕಂಡಿದ್ದ. ನನ್ನ ಗಂಟಲು ಕಟ್ಟಿತ್ತು. ಅಣ್ಣ ಕಪ್ಪು ಕನ್ನಡಕ ಸರಿಮಾಡಿಕೊಂಡು ಕೇಳಿದ: “ಅದೆಲ್ಲ ಸರಿ. ಆ ಮುದುಕನ ಸಾಲ ಎಂತಾತು?”

ಸಿನಿಮಾದಲ್ಲಿ ಅದಿಲ್ಲ. ಉಪಸಂಹಾರವನ್ನೂ, ನಿಕೊಲಾಯ್ ಮತ್ತು ಮಾರ್ಯಾರ ಕಥೆಯನ್ನೂ ಬೊಂದಾರ್ಚುಕ್ ಕೈಬಿಟ್ಟಿದ್ದಾನೆ. ಏಳು ಗಂಟೆಯಲ್ಲೂ ಜಾಗ ಸಾಲಲಿಲ್ಲ. ಸಾಲ ತೀರಿಸುವುದನ್ನು ಕ್ಯಾಮೆರಾದಲ್ಲಿ ಹಿಡಿಯುವುದೂ ಕಷ್ಟವೇ. ಪುಸ್ತಕ ತೆಗೆದೆ, ಓದಿ ಹೇಳುತ್ತಾ ಹೋದೆ. ಕೌಂಟ್ ತೀರಿಕೊಂಡಾಗ ಸಾಲ ಆಸ್ತಿಯ ಎರಡು ಪಾಲಿತ್ತು. ಉತ್ತರಾಧಿಕಾರ ಬೇಡವೆಂದು ಬರೆದುಕೊಡು, ಸಾಲವೂ ತಪ್ಪುತ್ತದೆ ಎಂದು ನೆಂಟರು, ಸ್ನೇಹಿತರು ನಿಕೊಲಾಯ್‌ಗೆ ಬುದ್ಧಿ ಹೇಳುತ್ತಾರೆ. ಅಪ್ಪನ ಹೆಸರಿಗೆ ಕಳಂಕವೆಂದು ಅವನು ಒಪ್ಪುವುದಿಲ್ಲ. ಕೌಂಟ್ ಇದ್ದಷ್ಟು ದಿನ ಸುಮ್ಮನಿದ್ದವರೆಲ್ಲ ಈಗ ಮುತ್ತಿಕೊಳ್ಳುತ್ತಾರೆ. ಉಡುಗೊರೆಯಾಗಿ ನೋಟು ಬರೆಸಿಕೊಂಡಿದ್ದ ಮಿತೆಂಕನಂಥವರದ್ದೇ ಹೆಚ್ಚಿನ ಜುಲುಮೆ.

ಓದುತ್ತಿದ್ದ ಹಾಗೆ ನನ್ನ ದನಿ ಸಣ್ಣದಾಯಿತು.

ನಮ್ಮ ಅಪ್ಪಯ್ಯ ತೀರಿಕೊಂಡದ್ದು 1986ರಲ್ಲಿ. ಮಂಡಿಯಲ್ಲಿ ಬಾಕಿ, ನೆಂಟರೊಬ್ಬರಿಗೆ ಹಾಕಿದ ಜಾಮೀನು, ಊರಿನವರ ಕೈಗಡ, ಎಲ್ಲ ಸೇರಿ 58 ಸಾವಿರ. ನನ್ನ ಸಂಬಳ ಆಗ ಎರಡು ಸಾವಿರ ಮುಟ್ಟಿರಲಿಲ್ಲ. ನಾನು ಮುಂಬೈಯಿಂದ ಅಣ್ಣನಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. ಬ್ಯಾಂಕಿನ ಪರೀಕ್ಷೆಗೆ ಓದಿದ ಕಾಯ್ದೆ ಹೊಸದಾಗಿ ತಲೆಯಲ್ಲಿತ್ತು: ಮೂರು ವರ್ಷ ದಾಟಿದ ನೋಟಿಗೆ ದಾವೆ ನಿಲ್ಲುವುದಿಲ್ಲ, ಬಾಯಿಮಾತಿನ ಕೈಗಡಕ್ಕೆ ಸಾಕ್ಷಿ ತರಲಿ, ಜಾಮೀನಿನದು ಕೋರ್ಟಿಗೆ ಹೋದರೆ ಹೋಗಲಿ. ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬರೆದಿದ್ದೆ. ಬರೆದು ಮುಗಿಸಿದಾಗ ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಮುಂದಿನ ರಜೆಗೆ ಊರಿಗೆ ಹೋದಾಗ ಅಣ್ಣ ಆ ಪತ್ರದ ಸುದ್ದಿ ಎತ್ತಲಿಲ್ಲ. ನಾನೇ ಎತ್ತಿದ್ದಕ್ಕೆ, “ಅಪ್ಪಯ್ಯ ತಗಂಡಿದ್ದು ಹೌದಲ್ದ?” ಅಂದ, ಅಷ್ಟೆ.

ಒಂಬತ್ತು ವರ್ಷ ಹಿಡಿಯಿತು. ತೋಟ ಮಾರಲಿಲ್ಲ. ನಿಕೊಲಾಯ್ ಉಳಿದ ಸಾಲವನ್ನು ನಾಲ್ಕು ವರ್ಷದಲ್ಲಿ, ಹೆಂಡತಿಯ ಆಸ್ತಿ ಮುಟ್ಟದೆ ತೀರಿಸಿದ ಅನ್ನುತ್ತಾನೆ ಟಾಲ್‌ಸ್ಟಾಯ್. ಆದರೆ ಮಾರ್ಯಾ ಶ್ರೀಮಂತೆ, ಅವಳ ಜಮೀನಿನಲ್ಲೇ ಅವನ ಬೇಸಾಯ. ನಮ್ಮ ಅತ್ತಿಗೆಯ ನಾಲ್ಕು ಬಳೆ ಮೊದಲ ವರ್ಷವೇ ಹೋದವು. ನಾನು ತಿಂಗಳಿಗೆ ಮುನ್ನೂರರಂತೆ ಎರಡು ವರ್ಷ ಮನಿಯಾರ್ಡರ್ ಮಾಡಿದೆ. ಆಮೇಲೆ ಮದುವೆ, ಆಮೇಲೆ ಈ ಫ್ಲ್ಯಾಟು. ನಿಲ್ಲಿಸಿದಾಗ ಅವನು ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ.

1820ರ ಹೊತ್ತಿಗೆ ನಿಕೊಲಾಯ್ ಸಣ್ಣದೊಂದು ಜಮೀನು ಕೊಂಡದ್ದು, ಕೈತಪ್ಪಿದ ಪಿತ್ರಾರ್ಜಿತ ಒತ್ರಾದ್ನೊಯೆಯನ್ನು ಮರಳಿ ಕೊಳ್ಳುವ ಮಾತುಕತೆ ನಡೆಸಿದ್ದು, ಅಷ್ಟನ್ನೂ ಓದಿ ಪುಸ್ತಕ ಮುಚ್ಚಿದೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

“ಬಡ್ಡಿ ಎಷ್ಟಡ?” ಅಂದ.

“ಅದು ಇಲ್ಲಿ ಬರೆದಿಲ್ಲ.”

“ಬರೆಯವಾಗಿತ್ತು.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಕೆಳಗೆ ರಿಕ್ಷಾದವರ ಗಲಾಟೆ. “ಅಣ್ಣಾ, ಅಪ್ಪಯ್ಯ ಹೋದಾಗ ನಾನೊಂದು ಕಾಗದ ಬರೆದಿದ್ದೆ...” ಎಂದು ಶುರು ಮಾಡಿದೆ.

“ಡ್ರಾಪ್ಸ್ ಹಾಕ ಹೊತ್ತಾತು, ನೋಡು,” ಅಂದು ಕನ್ನಡಕ ತೆಗೆದು ಮುಖ ಮೇಲೆತ್ತಿದ. ಕೈ ತೊಳೆದು ಬಂದು, ಅವನ ಕೆಳರೆಪ್ಪೆ ಮೆಲ್ಲನೆ ಎಳೆದು, ಒಂದು ಹನಿ ಬಿಟ್ಟೆ.