ಮೂಲವೂ ಪ್ರತಿಯೂ

ಓಲೆಗರಿಗಳನ್ನು ಹರಡಿಕೊಂಡು ಪಾಠಾಂತರ ನೋಡುವುದನ್ನು ಬಹುಕಾಲದಿಂದ ಅಭ್ಯಾಸ ಮಾಡಿಕೊಂಡಿರುವ ನನಗೆ ಲಿಪಿಕಾರರ ಮೇಲೆ ಪ್ರೀತಿಯೂ ಉಂಟು, ಸಿಟ್ಟೂ ಉಂಟು. ಅವರಿಲ್ಲದಿದ್ದರೆ ನಮಗೆ ಪಂಪನೂ ಇಲ್ಲ, ರನ್ನನೂ ಇಲ್ಲ. ಅವರಿದ್ದುದರಿಂದಲೇ ಪಂಪ ನಿಜವಾಗಿ ಬರೆದುದೇನು ಎಂಬ ಜಗಳವೂ ಮುಗಿಯದು. ಒಬ್ಬನು ‘ಮ’ವನ್ನು ‘ವ’ ಎಂದು ಓದುತ್ತಾನೆ. ಇನ್ನೊಬ್ಬನ ಕಣ್ಣು ಜಾರಿ ಒಂದು ಸಾಲೇ ಹಾರಿಹೋಗುತ್ತದೆ. ಮೂರನೆಯವನು ಪಂಡಿತ, ಅವನು ಕವಿಯನ್ನೇ ತಿದ್ದುತ್ತಾನೆ. ನನಗೆ ಭಯವಿರುವುದು ಈ ಮೂರನೆಯವನದು. ಕಂಡದ್ದನ್ನು ಕಂಡಂತೆ ಬರೆಯುವ ದಡ್ಡನೇ ವಾಸಿ ಎಂದು ತರಗತಿಯಲ್ಲಿ ಹೇಳುತ್ತಿರುತ್ತೇನೆ.

ನಮ್ಮ ಕಾಲೇಜಿನ ಜೀವಶಾಸ್ತ್ರದ ಮಿತ್ರರೊಬ್ಬರ ಮುಂದೆ ಈ ಗೋಳು ತೋಡಿಕೊಂಡಾಗ ಅವರು, “ನಿಮ್ಮ ಲಿಪಿಕಾರ ಏನು ಮಹಾ ಸ್ವಾಮಿ! ಮೈಯೊಳಗೇ ಒಬ್ಬನಿದ್ದಾನೆ, ಅವನನ್ನು ನೋಡಿ” ಎಂದರು. ನೋಡತೊಡಗಿದೆ.

ನಮ್ಮ ಜೀವಕೋಶ ಎರಡಾಗುವ ಮೊದಲು ತನ್ನೊಳಗಿನ ಡಿ.ಎನ್.ಎ.ಯನ್ನು ಪೂರ್ತಿ ನಕಲು ಮಾಡಬೇಕು. ಅದು ಸುಮಾರು 600 ಕೋಟಿ ಅಕ್ಷರಗಳ ಗ್ರಂಥ. ವರ್ಣಮಾಲೆಯಲ್ಲಿರುವುದು ಮಾತ್ರ ನಾಲ್ಕೇ ಅಕ್ಷರ. ಎರಡು ಎಳೆ ಎದುರುಬದುರಾಗಿ ಹೊಸೆದುಕೊಂಡಿರುತ್ತವೆ. ಎ ಇದ್ದಲ್ಲಿ ಎದುರಿಗೆ ಟಿ, ಜಿ ಇದ್ದಲ್ಲಿ ಸಿ. ಎಳೆಗಳು ಬಿಚ್ಚಿಕೊಂಡರೆ ಒಂದೊಂದೂ ಹೊಸ ಜೊತೆಗಾರನಿಗೆ ಅಚ್ಚಾಗುತ್ತದೆ. ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಇದನ್ನು ತೋರಿಸಿಕೊಟ್ಟರು. ಭಾರವಾದ ಸಾರಜನಕ ಉಣಿಸಿ ಬೆಳೆಸಿದ ಬ್ಯಾಕ್ಟೀರಿಯಗಳನ್ನು ಹಗುರ ಸಾರಜನಕಕ್ಕೆ ಬಿಟ್ಟು ಒಂದು ತಲೆಮಾರು ಕಾದರು. ಸಿಕ್ಕ ಡಿ.ಎನ್.ಎ. ಭಾರವೂ ಅಲ್ಲ, ಹಗುರವೂ ಅಲ್ಲ, ನಡುವಿನದು. ಪ್ರತಿಯೊಂದರಲ್ಲೂ ಒಂದೆಳೆ ಹಳೆಯದು, ಒಂದೆಳೆ ಹೊಸದು.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಮೂಲಪ್ರತಿ ಎಲ್ಲೋ ಇತ್ತು, ಕಳೆದುಹೋಯಿತು ಎಂಬ ಕೊರಗಿನ ಮೇಲೆ ನಿಂತದ್ದು ನಮ್ಮ ಶಾಸ್ತ್ರ. ಜೀವಕೋಶದಲ್ಲಿ ಆ ಪ್ರಶ್ನೆಗೇ ಎಡೆಯಿಲ್ಲ. ಎರಡು ಗ್ರಂಥಗಳೂ ಅರ್ಧ ಮೂಲ, ಅರ್ಧ ಪ್ರತಿ.

ಹಾಗೆಂದು ತಪ್ಪು ಬೀಳುವುದಿಲ್ಲವೆಂದಲ್ಲ. ಪಾಲಿಮರೇಸ್ ಎಂಬ ಈ ಲಿಪಿಕಾರ ಲಕ್ಷಕ್ಕೊಂದು ತಪ್ಪು ಮಾಡುವವನು. ಆದರೆ ಹಿಂದಕ್ಕೆ ಸರಿದು ಅದನ್ನು ಕಿತ್ತು ಮತ್ತೆ ಬರೆಯುತ್ತಾನೆ. ಅವನ ಹಿಂದೆ ಇನ್ನೊಂದು ತಿದ್ದುಗಾರರ ತಂಡ. ಎಲ್ಲ ಮುಗಿದಾಗ ಉಳಿಯುವ ತಪ್ಪು ಅಂದಾಜು 100 ಕೋಟಿಗೆ ಒಂದು. ನಮ್ಮ ಅಚ್ಚುಕೂಟಗಳ ಮಾತು ಇಲ್ಲಿ ಎತ್ತುವುದು ಬೇಡ.

ಆದರೆ ಎದುರುಬದುರಿನ ಎರಡಕ್ಷರ ಹೊಂದದಿದ್ದರೆ, ತಿದ್ದಬೇಕಾದ್ದು ಯಾವುದನ್ನು? ಸಂಪಾದಕನ ನಿದ್ದೆಗೆಡಿಸುವ ಪ್ರಶ್ನೆ ಇದೇ. ಕರುಳಿನ ಇ. ಕೊಲೈ ಎಂಬ ಬ್ಯಾಕ್ಟೀರಿಯ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಹಳೆಯ ಎಳೆಯ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ಗುರುತಿರುತ್ತದೆ. ಹೊಸದಕ್ಕೆ ಅದು ಬೀಳಲು ತುಸು ತಡ. ಆ ಅಲ್ಪಕಾಲದಲ್ಲಿ ತಿದ್ದುಗಾರ ಗುರುತಿಲ್ಲದ ಎಳೆಗೇ ಕೈಹಾಕುತ್ತಾನೆ. ಗುರುತು ಬಿದ್ದಮೇಲೆ ಹಳೆಯದು ಯಾವುದೆಂಬುದು ತಿಳಿಯದು. ಆಗ ಉಳಿದ ತಪ್ಪು ಮುಂದಿನ ನಕಲಿನಲ್ಲಿ ಪಾಠವೇ ಆಗಿಬಿಡಬಹುದು. ಅಲ್ಲಿಂದಾಚೆಗೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾರೆ. ಅನೇಕ ಕ್ಯಾನ್ಸರುಗಳ ಹುಟ್ಟು ಇಂಥ ಶ್ರದ್ಧೆಯಲ್ಲಿದೆ. ನಾನು ಹೊಗಳಿದ ದಡ್ಡನೇ ಇವನು.

ಎರಡು ಎಳೆಗಳೂ ಒಂದೇ ಬಗೆಯಲ್ಲಿ ನಕಲಾಗುವುದಿಲ್ಲ. ಒಂದು ಒಂದೇ ಓಟದಲ್ಲಿ ಸಾಗಿದರೆ ಇನ್ನೊಂದು ತುಂಡುತುಂಡಾಗಿ ಬರೆಯಲ್ಪಟ್ಟು ಆಮೇಲೆ ಬೆಸೆದುಕೊಳ್ಳುತ್ತದೆ. 1968ರಲ್ಲಿ ಇದನ್ನು ಪ್ರಕಟಿಸಿದವರು ಜಪಾನಿನ ನಗೋಯದ ರೇಜಿ ಒಕಾಜಾಕಿ, ಅವರ ಪತ್ನಿ ತ್ಸುನೆಕೊ ಮತ್ತು ಸಂಗಡಿಗರು. ಆ ತುಂಡುಗಳಿಗೆ ಈಗಲೂ ಒಕಾಜಾಕಿ ತುಣುಕುಗಳೆಂದೇ ಹೆಸರು. ರೇಜಿ ಹುಟ್ಟಿದ ಊರು ಹಿರೋಷಿಮಾ. 1945ರ ಬಾಂಬಿನ ವಿಕಿರಣಕ್ಕೆ ಸಿಕ್ಕಾಗ ಅವರಿನ್ನೂ ಹುಡುಗ. ಡಿ.ಎನ್.ಎ.ಯ ಎಳೆಗಳನ್ನೇ ಕತ್ತರಿಸುವ ವಿಕಿರಣ ಅದು. 1975ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಒಂದೊಂದು ತುಣುಕೂ ಮೊದಲಾಗುವುದು ಹೇಗೆ ಎಂಬುದನ್ನು ದಂಪತಿಗಳು ಹುಡುಕುತ್ತಿದ್ದರು. ತ್ಸುನೆಕೊ ಆ ಕೆಲಸವನ್ನು ಬಿಡದೆ ಮುಂದುವರಿಸಿದರು.