ಸಿಗಲಿಲ್ಲ ಅಂತ ಬರೆಯೋದೂ ಲೆಕ್ಕವೇ

ತಿಂಗಳಿಗೊಂದು ಭಾನುವಾರ ನಾನು ನಿಧಿ ಹುಡುಕೋಕೆ ಹೋಗ್ತೀನಿ. ನಗಬೇಡಿ, ನಿಜ. ಈ ಆಟಕ್ಕೆ ಜಿಯೋಕ್ಯಾಶಿಂಗ್ ಅಂತ ಹೆಸರು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಆ್ಯಪ್‌ನಲ್ಲಿ ಹಾಕ್ತಾರೆ. ಉಳಿದವರು ಫೋನ್ ಹಿಡಿದು ಹುಡುಕೋದು. ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗಿನ ಗೊಂಬೆಯನ್ನೋ ಕೀಚೈನನ್ನೋ ತಗೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಅಷ್ಟೇ ಆಟ.

ಇದು ಶುರುವಾದ ಕಥೆ ಚೆನ್ನಾಗಿದೆ. ಅಮೆರಿಕ ತನ್ನ ಜಿಪಿಎಸ್ ಸಿಗ್ನಲ್ ಅನ್ನು ಜನಸಾಮಾನ್ಯರಿಗೆ ಬೇಕಂತಲೇ ಸ್ವಲ್ಪ ಕೆಡಿಸಿ ಕೊಡ್ತಿತ್ತು. ಸುಮಾರು 100 ಮೀಟರ್‌ವರೆಗೂ ವ್ಯತ್ಯಾಸ ಬರ್ತಿತ್ತು. 2000ನೇ ಇಸವಿಯ ಮೇ 2ರಂದು ಅದನ್ನು ನಿಲ್ಲಿಸಿದರು. ಮಾರನೇ ದಿನವೇ ಡೇವ್ ಉಲ್ಮರ್ ಎಂಬುವವರು ಒರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಹೂತಿಟ್ಟು, "ಹುಡುಕಿ ನೋಡೋಣ" ಅಂತ ಇಂಟರ್ನೆಟ್‌ನಲ್ಲಿ ಜಾಗ ತಿಳಿಸಿದರು. ಮೂರು ದಿನದೊಳಗೆ ಹುಡುಕಿದವರೂ ಇದ್ದರು!

ನಮ್ಮ ಮಾವನಿಗೆ ಇದನ್ನೆಲ್ಲ ಹೇಳಿದ್ದು ಒಂದು ಶನಿವಾರ ರಾತ್ರಿ, ಊಟಕ್ಕೆ ಬಡಿಸ್ತಾ. ಅತ್ತೆ ಹೋಗಿ ಹತ್ತು ತಿಂಗಳಾಗಿತ್ತು. ಊರಿನ ಮನೆಗೆ ಬೀಗ ಹಾಕಿ ಮಾವ ಬೆಂಗಳೂರಿಗೆ ನಮ್ಮ ಜೊತೆ ಬಂದಿದ್ದರು. ಪೇಪರ್ ಓದೋದು, ಬಾಲ್ಕನಿಯಲ್ಲಿ ಕೂರೋದು. "ಕಾಫಿ ಕೊಡ್ಲಾ ಮಾವ?", "ಕೊಡಮ್ಮ", ನಮ್ಮಿಬ್ಬರ ಮಾತು ಅಷ್ಟೇ. ಅವತ್ತು ಮಾತ್ರ ಅನ್ನ ಕಲಸ್ತಿದ್ದ ಕೈ ನಿಲ್ಲಿಸಿ, "ನಾಳೆ ನಾನೂ ಬರ್ಲೇನಮ್ಮ?" ಅಂದರು. ಅವರು ಸರ್ವೇ ಇಲಾಖೆಯಲ್ಲಿದ್ದವರು. 33 ಅಡಿಯ ಸರಪಳಿ ಹಿಡಿದು ಗುಡ್ಡ ಬೆಟ್ಟ ಅಳೆದ ಕಾಲುಗಳು. ನನ್ನ ಗಂಡನಿಗೆ ಭಾನುವಾರ ಶಿಫ್ಟ್ ಇತ್ತು. ನಾವಿಬ್ಬರೇ ಹೊರಟೆವು.

ಜಾಗ ಮಾಗಡಿ ಹತ್ತಿರದ ಸಾವನದುರ್ಗ. 1,226 ಮೀಟರ್ ಎತ್ತರ, ಬಹುಪಾಲು ಬೋಳು ಬಂಡೆ. ಕೆಳಗೆ ವೀರಭದ್ರ, ನರಸಿಂಹಸ್ವಾಮಿ ದೇವಸ್ಥಾನಗಳು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆಯ ಗೋಡೆಗಳು ದಾರಿಯಲ್ಲಿ ಇನ್ನೂ ಇವೆ. ಮೆಟ್ಟಿಲಿಲ್ಲ, ಹಿಡಿಯೋಕೆ ಕಂಬಿಯಿಲ್ಲ. ನಾನು ಏದುಸಿರು ಬಿಡ್ತಾ ಹತ್ತು ಹೆಜ್ಜೆಗೊಮ್ಮೆ ನಿಲ್ತಿದ್ದರೆ, ಮಾವ ಅಡ್ಡಡ್ಡ ನಡೆದು ನಿಧಾನಕ್ಕೆ ಮೇಲೇರ್ತಿದ್ದರು. "ನೆಟ್ಟಗೆ ಹತ್ಬೇಡಮ್ಮ, ಬಂಡೆ ಜೊತೆ ಜಗಳ ಆಡ್ಬಾರ್ದು."

ತುದಿಯ ನಂದಿ ಮಂಟಪ ತಲುಪಿದಾಗ ಫೋನ್ 9 ಮೀಟರ್ ತೋರಿಸ್ತು. ನಾಲ್ಕು ಹೆಜ್ಜೆ ಇಟ್ಟರೆ 14. ತಿರುಗಿದರೆ 6. ಉಪಗ್ರಹದ ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬಂದರೆ ಫೋನಿನ ಲೆಕ್ಕ ಹೀಗೆ ಕುಣಿಯುತ್ತೆ. ಮಾವ ಫೋನ್ ನೋಡಲೇ ಇಲ್ಲ. "ನೀನಾಗಿದ್ರೆ ಎಲ್ಲಿ ಇಡ್ತಿದ್ದೆ?" ಅಂತ ಕೇಳಿ, ಬಿರುಕುಗಳಿಗೆ ಕೋಲು ಹಾಕಿ, ಒಂದೊಂದೇ ಕಲ್ಲು ಎತ್ತಿ ನೋಡಿದರು. ಜಮೀನಿನ ಬಾಂದುಕಲ್ಲು ಹುಡುಕೋ ಕ್ರಮವೂ ಇದೇ ಅಂತೆ.

ಮುಕ್ಕಾಲು ಗಂಟೆಯಾಯ್ತು. ಪಶ್ಚಿಮದಲ್ಲಿ ಮೋಡ ಕಪ್ಪಾಯ್ತು. ಇನ್ನೈದು ನಿಮಿಷ ಅಂದೆ ನಾನು. ಮಾವ ಕೋಲು ಒರೆಸಿಕೊಂಡು, "ಒದ್ದೆಯಾದ್ರೆ ಈ ಬಂಡೆ ಯಾರ ಮಾತೂ ಕೇಳಲ್ಲ, ಇಳಿಯಮ್ಮ" ಅಂದರು. ಕೆಳಗಿನ ಮರಗಳ ಸಾಲು ಮುಟ್ಟುವಷ್ಟರಲ್ಲಿ ದಪ್ಪ ಹನಿ ಶುರುವಾಯ್ತು. ತಿರುಗಿ ನೋಡಿದರೆ ನಾವು ಇಳಿದ ಜಾಗದಲ್ಲೇ ನೀರು ಹರೀತಿತ್ತು.

ದೇವಸ್ಥಾನದ ಹತ್ತಿರ ಟೀ ಕುಡೀತಾ ನಾನು ಫೋನ್ ಬ್ಯಾಗಿಗೆ ಹಾಕಿದೆ. "ಬರೆಯಲ್ವಾ?" ಅಂದರು ಮಾವ.

"ಸಿಗಲಿಲ್ವಲ್ಲ ಮಾವ, ಏನು ಬರೀಲಿ?"

"ಸಿಗಲಿಲ್ಲ ಅಂತ ಬರಿ. ಕಲ್ಲು ಇಲ್ಲದಿದ್ರೆ ಇಲ್ಲ ಅಂತ ತಾರೀಖು ಹಾಕಿ ಬರೀತಿದ್ವಿ ನಾವು. ಬರೀದೇ ಹೋದ್ರೆ ಮುಂದೆ ಬರೋನು ಇದೆ ಅಂದ್ಕೊಂಡೇ ಹುಡುಕ್ತಾನೆ ಪಾಪ."

ಆ್ಯಪ್‌ನಲ್ಲಿ ಅದಕ್ಕೂ ಒಂದು ಆಯ್ಕೆ ಇದೆ. ಅದನ್ನು ಒತ್ತಿ, ಎಲ್ಲೆಲ್ಲಿ ಹುಡುಕಿದೆವು ಅಂತ ಎರಡು ಸಾಲು ಬರೆದೆ.

ವಾಪಸ್ ಬರುವಾಗ ಮಾವ ಕಾರಿನಲ್ಲಿ ಮಾತಾಡ್ತಾನೇ ಇದ್ದರು. ಸರ್ವೇಗೆ ಹೋದಾಗ ಅತ್ತೆ ಕಟ್ಟಿಕೊಡ್ತಿದ್ದ ರೊಟ್ಟಿ, ಚಟ್ನಿಪುಡಿ. ಒಮ್ಮೆ ಕ್ಯಾಂಪಿನಿಂದ ಮೂರು ದಿನ ತಡವಾಗಿ ಬಂದಿದ್ದಕ್ಕೆ ಅವರು ಮಾತು ಬಿಟ್ಟಿದ್ದು. ಅತ್ತೆಯ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅವತ್ತೇ ಮೊದಲು.

ಎರಡು ದಿನ ಬಿಟ್ಟು ಬೆಳಿಗ್ಗೆ ಒಂದು ಕವರ್ ತಂದು ನನ್ನ ಲ್ಯಾಪ್‌ಟಾಪ್ ಪಕ್ಕ ಇಟ್ಟರು. ಒಳಗೆ ರೇಷನ್ ಕಾರ್ಡು, ಅತ್ತೆಯ ಮರಣ ಪ್ರಮಾಣಪತ್ರ. ನನ್ನ ಗಂಡ ಎಷ್ಟೋ ಸಲ ಕೇಳಿ ಸುಮ್ಮನಾಗಿದ್ದ ಕೆಲಸ. "ಅವಳ ಹೆಸರು ಇನ್ನೂ ಇದೆಯಮ್ಮ ಇದ್ರಲ್ಲಿ. ತೆಗೆಸಬೇಕು. ಅರ್ಜಿ ಹೇಗೆ ಹಾಕೋದು ನೋಡ್ತೀಯಾ?" ಅಂದರು. ನೋಡ್ತೀನಿ ಮಾವ ಅಂದೆ. ಇಬ್ಬರೂ ಕೂತು ಅದನ್ನು ಓದಿದೆವು.

ಮೂರು ವಾರದ ನಂತರ ಡಬ್ಬಿಯ ಯಜಮಾನರು ಆ್ಯಪ್‌ನಲ್ಲಿ ಬರೆದಿದ್ದರು: ನಮ್ಮ ಸಾಲುಗಳನ್ನು ಓದಿ ಹತ್ತಿ ನೋಡಿದರಂತೆ, ಡಬ್ಬಿ ನಿಜಕ್ಕೂ ಇರಲಿಲ್ಲವಂತೆ. ಕೋತಿಗಳ ಕೆಲಸ ಇರಬೇಕು. ಈಗ ಹೊಸದು ಇಟ್ಟಿದ್ದಾರೆ. ಮಾವನಿಗೆ ಓದಿ ಹೇಳಿದೆ. "ನೋಡ್ದಾ!" ಅಂದವರೇ, ಮಳೆ ನಿಲ್ಲೋದು ಯಾವಾಗ ಅಂತ ಪೇಪರ್‌ನಲ್ಲಿ ಹುಡುಕೋಕೆ ಕೂತರು.